ವಣಿಕರ ಬಾಗಿಲಿಗೆ ಬಂದ ಸುವಾರ್ತೆ

ಒಂದು ಪಟ್ಟಣದ ವ್ಯಾಪಾರಿಗಳೆಲ್ಲ ಒಮ್ಮೆಲೇ ಅಂಗಡಿಗಳಿಗೆ ಬೀಗ ಹಾಕಿ ಊರು ಬಿಟ್ಟು ಹೊರಟರೆ ಏನಾದೀತು? 1669ರ ಸೆಪ್ಟೆಂಬರ್ ತಿಂಗಳಲ್ಲಿ ಗುಜರಾತಿನ ಸೂರತ್ ಬಂದರಿನಲ್ಲಿ ಇಂಥ ಘಟನೆಯೊಂದು ನಡೆಯಿತು. ಅಲ್ಲಿನ ಖಾಜಿಯೊಬ್ಬನು ಬನಿಯಾ ವರ್ತಕರ ಮೇಲೆ ಮತಾಂತರದ ಒತ್ತಡ ಹೇರತೊಡಗಿದ. ಆಗ ಭೀಮ್‌ಜಿ ಪಾರೇಖ್ ಎಂಬ ವರ್ತಕನ ಮುಂದಾಳುತನದಲ್ಲಿ ಸುಮಾರು 8,000 ಮಂದಿ ಸೂರತ್ತನ್ನು ತೊರೆದು ಭರೂಚ್ ಪಟ್ಟಣಕ್ಕೆ ಹೋಗಿಬಿಟ್ಟರು. ಪೇಟೆ ಸ್ತಬ್ಧವಾಯಿತು, ಹಣದ ಚಲಾವಣೆ ನಿಂತಿತು. ಬಾದಶಹ ಔರಂಗಜೇಬನಿಂದ ರಕ್ಷಣೆಯ ಭರವಸೆ ಬಂದ ಮೇಲೆ, ಡಿಸೆಂಬರಿನಲ್ಲಿ ಅವರು ಮರಳಿ ಬಂದರು. ಸೂರತ್ತಿನಲ್ಲಿದ್ದ ಇಂಗ್ಲಿಷ್ ಕೋಠಿಯ ಪತ್ರಗಳಲ್ಲಿ ಈ ಸಂಗತಿ ದಾಖಲಾಗಿದೆ.

ಇದಾದ ಸುಮಾರು ನೂರೈವತ್ತು ವರ್ಷಗಳಿಗೆ, 1815ರಲ್ಲಿ, ಅದೇ ಸೂರತ್ತಿಗೆ ಲಂಡನ್ ಮಿಷನರಿ ಸೊಸೈಟಿಯ ಜೇಮ್ಸ್ ಸ್ಕಿನ್ನರ್ ಮತ್ತು ವಿಲಿಯಂ ಫೈವಿ ಎಂಬ ಪಾದ್ರಿಗಳು ಬಂದಿಳಿದರು. ಇವರ ಕೈಯಲ್ಲಿ ಖಾಜಿಯ ಅಧಿಕಾರವಿರಲಿಲ್ಲ. ಇವರು ತಂದದ್ದು ಮಾತು, ಮುದ್ರಿತ ಪುಸ್ತಕ ಮತ್ತು ಶಾಲೆ. ಬಲವಂತಕ್ಕೆ ಊರು ಬಿಟ್ಟು ಉತ್ತರ ಕೊಟ್ಟ ಸಮುದಾಯ ಮಾತಿಗೆ ಯಾವ ಉತ್ತರ ಕೊಟ್ಟಿತು? ಗುಜರಾತಿನ ಜೈನ ಮತ್ತು ಹಿಂದೂ ವರ್ತಕರ ನಡುವೆ ನಡೆದ ಕ್ರೈಸ್ತ ಧರ್ಮಪ್ರಚಾರದ ಇತಿಹಾಸವನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡೋಣ.

ಒಂದು ಜಾತಿ, ಎರಡು ಧರ್ಮ

ನಮ್ಮ ಊರುಗಳ ಪೇಟೆಬೀದಿಗಳಲ್ಲಿ ಬಟ್ಟೆ, ಬಂಗಾರ, ಕಿರಾಣಿ ವ್ಯಾಪಾರ ಮಾಡುವ ಗುಜರಾತಿ ಮತ್ತು ಮಾರವಾಡಿ ಕುಟುಂಬಗಳನ್ನು ನೀವು ಕಂಡಿರುತ್ತೀರಿ. ಗುಜರಾತಿನಲ್ಲಿ ಇಂಥ ವರ್ತಕ ಜಾತಿಗಳಿಗೆ ‘ವಾಣಿಯಾ’ ಎಂದು ಹೆಸರು. ಸಂಸ್ಕೃತದ ‘ವಣಿಜ್’ ಎಂಬ ಶಬ್ದವೇ ಇದರ ಮೂಲ. ಶ್ರೀಮಾಳಿ, ಓಸವಾಳ, ಪೋರವಾಡ, ಮೋಢ ಮುಂತಾದವು ಇದರ ಪಂಗಡಗಳು. ಇವರಲ್ಲಿ ಜೈನರನ್ನು ಶ್ರಾವಕರೆಂದೂ ವೈಷ್ಣವರನ್ನು ಮೇಶ್ರಿಗಳೆಂದೂ ಕರೆಯುವ ರೂಢಿಯಿತ್ತು.

ಈ ಎರಡು ಧರ್ಮಗಳ ನಡುವೆ ಗೋಡೆ ಇತ್ತೆಂದು ಭಾವಿಸಬೇಡಿ. ಮುಂದೆ ಗಾಂಧೀಜಿಯವರ ಮೇಲೆ ಗಾಢ ಪ್ರಭಾವ ಬೀರಿದ ಶ್ರೀಮದ್ ರಾಜಚಂದ್ರರು 1867ರಲ್ಲಿ ಸೌರಾಷ್ಟ್ರದ ವವಾಣಿಯಾ ಗ್ರಾಮದಲ್ಲಿ ಹುಟ್ಟಿದರು. ಅವರ ತಂದೆಯ ಕಡೆಯವರು ಕೃಷ್ಣಭಕ್ತರು, ತಾಯಿ ಜೈನ ಸಂಸ್ಕಾರದವರು. ಗಾಂಧೀಜಿಯವರದು ಮೋಢ ವಾಣಿಯಾ ಪಂಗಡದ ವೈಷ್ಣವ ಮನೆ. ಆದರೆ 1888ರಲ್ಲಿ ಅವರು ಇಂಗ್ಲೆಂಡಿಗೆ ಹೊರಟಾಗ, ಮದ್ಯ, ಮಾಂಸ ಮತ್ತು ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆಯನ್ನು ಮಾಡಿಸಿದವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧು. ಆ ಸಾಧುವೂ ಮೊದಲು ಮೋಢ ವಾಣಿಯಾ ಪಂಗಡದವರೇ ಆಗಿದ್ದರು. ಹೀಗೆ ದೇವರಕೋಣೆ ಬೇರೆಯಾದರೂ ಆಹಾರ, ಉಪವಾಸ, ವ್ರತ, ಅಹಿಂಸೆ ಮತ್ತು ವ್ಯಾಪಾರದ ರೀತಿನೀತಿ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಮೊದಲ ಪರಿಚಯ

ಯುರೋಪಿನ ಕ್ರೈಸ್ತರು ಈ ಸಮುದಾಯವನ್ನು ಕಂಡದ್ದು ಹತ್ತೊಂಬತ್ತನೆಯ ಶತಮಾನಕ್ಕಿಂತ ಬಹಳ ಹಿಂದೆ. 1595ರಲ್ಲಿ ಅಕ್ಬರನ ಆಸ್ಥಾನಕ್ಕೆ ಹೊರಟಿದ್ದ ಜೆಸ್ವಿಟ್ ಪಾದ್ರಿಗಳ ತಂಡದಲ್ಲಿ ಇಮ್ಯಾನುಯೆಲ್ ಪಿನ್ಹೇರೋ ಎಂಬುವನಿದ್ದ. ಆತ ಖಂಭಾತದಲ್ಲಿ ಜೈನ ಯತಿಗಳನ್ನು ಕಂಡು, ಅವರ ಆಚಾರಗಳ ಬಗ್ಗೆ ಪತ್ರ ಬರೆದ. 1630ರಲ್ಲಿ ಸೂರತ್ತಿನ ಇಂಗ್ಲಿಷ್ ಕೋಠಿಯ ಪಾದ್ರಿ ಹೆನ್ರಿ ಲಾರ್ಡ್ ಬನಿಯಾಗಳು ಮತ್ತು ಪಾರಸಿಗಳ ಧರ್ಮಗಳನ್ನು ಕುರಿತು ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ.

ಆದರೆ ಈಸ್ಟ್ ಇಂಡಿಯಾ ಕಂಪನಿಗೆ ಧರ್ಮಪ್ರಚಾರದಲ್ಲಿ ಉತ್ಸಾಹವಿರಲಿಲ್ಲ. ವರ್ತಕರ ಮನಸ್ಸು ಕೆಟ್ಟರೆ ವ್ಯಾಪಾರ ಕೆಡುತ್ತದೆಂಬುದನ್ನು ಅದು ಚೆನ್ನಾಗಿ ಬಲ್ಲದಾಗಿತ್ತು. 1813ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಂಪನಿಯ ಸನ್ನದನ್ನು ನವೀಕರಿಸುವಾಗ ಮಿಷನರಿಗಳ ಪ್ರವೇಶಕ್ಕೆ ದಾರಿ ಮಾಡಿಕೊಟ್ಟಿತು. ಅದರ ಎರಡು ವರ್ಷಗಳ ಮೇಲೆ ಸ್ಕಿನ್ನರ್ ಮತ್ತು ಫೈವಿ ಸೂರತ್ತಿಗೆ ಬಂದದ್ದು ಈ ಹಿನ್ನೆಲೆಯಲ್ಲಿ.

ಸೂರತ್, ರಾಜಕೋಟ್ ಮತ್ತು ನಮ್ಮ ಬಳ್ಳಾರಿ

ಸೂರತ್ತಿನ ಪಾದ್ರಿಗಳು ಗುಜರಾತಿ ಕಲಿತರು, ಶಾಲೆ ತೆರೆದರು, 1820ರ ದಶಕದ ಆದಿಯಲ್ಲಿ ಬೈಬಲ್ಲನ್ನು ಗುಜರಾತಿಗೆ ಅನುವಾದಿಸಿದರು. 1841ರಲ್ಲಿ ಐರ್ಲೆಂಡಿನ ಪ್ರೆಸ್‌ಬಿಟೇರಿಯನ್ ಸಭೆಯ ಜೇಮ್ಸ್ ಗ್ಲಾಸ್ಗೋ ಮತ್ತು ಅಲೆಕ್ಸಾಂಡರ್ ಕೆರ್ ಸೌರಾಷ್ಟ್ರದ ರಾಜಕೋಟ್‌ಗೆ ಬಂದರು. ಕೆರ್ ಅದೇ ವರ್ಷ ತೀರಿಕೊಂಡ. ಗ್ಲಾಸ್ಗೋ ಕೆಲಸ ಮುಂದುವರಿಸಿದ. ಕ್ರಮೇಣ ಲಂಡನ್ ಸೊಸೈಟಿಯ ಕೇಂದ್ರಗಳೂ ಐರಿಷ್ ಸಭೆಯ ಕೈಗೆ ಬಂದವು.

ಇಲ್ಲಿ ಕನ್ನಡನಾಡಿನ ಒಂದು ನಂಟು ಉಂಟು. ಗುಜರಾತಿನ ಮಿಷನರಿಗಳಲ್ಲಿ ಭಾಷಾ ವಿದ್ವತ್ತಿಗೆ ಹೆಸರಾದ ಜೋಸೆಫ್ ವಾನ್ ಸೋಮರನ್ ಟೇಲರ್ 1820ರಲ್ಲಿ ಹುಟ್ಟಿದ್ದು ಬಳ್ಳಾರಿಯಲ್ಲಿ. ಅವನ ತಂದೆ ಜೋಸೆಫ್ ಟೇಲರ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯಾಗಿ ಬಳ್ಳಾರಿಯಲ್ಲೂ ಅನಂತರ ಬೆಳಗಾವಿಯಲ್ಲೂ ಕೆಲಸ ಮಾಡಿದವನು. ಮಗ ಟೇಲರ್ 1867ರಲ್ಲಿ ಗುಜರಾತಿ ವ್ಯಾಕರಣವನ್ನು ಪ್ರಕಟಿಸಿದ. ಗುಜರಾತಿ ಛಂದಸ್ಸಿನಲ್ಲಿ ಕ್ರೈಸ್ತ ಗೀತೆಗಳನ್ನು ರಚಿಸಿದ. ಗುಜರಾತಿ ವ್ಯಾಕರಣದ ಪಿತಾಮಹನೆಂದು ಅವನನ್ನು ಅಲ್ಲಿ ಇಂದಿಗೂ ನೆನೆಯುತ್ತಾರೆ. ನಮ್ಮಲ್ಲಿ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1872ರಲ್ಲಿ ಮಂಗಳೂರಿನಿಂದ ಜೈನ ವಿದ್ವಾಂಸ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದ್ದು ಇದರ ಜೊತೆಯಲ್ಲೇ ನೆನಪಾಗುತ್ತದೆ. ಜನರ ಧರ್ಮವನ್ನು ಬದಲಿಸಲು ಬಂದವರು ಅವರ ಭಾಷೆಯ ಸೇವಕರಾದರು.

ಮುದ್ರಣದ ವಿಷಯದಲ್ಲೂ ಒಂದು ಸ್ವಾರಸ್ಯವಿದೆ. ತಲೆಗೆರೆಯಿಲ್ಲದ ಗುಜರಾತಿ ಲಿಪಿಗೆ ಹಿಂದೆ ‘ವಾಣಿಯಾಶಾಯಿ’, ‘ಶರಾಫಿ’, ‘ಮಹಾಜನಿ’ ಎಂಬ ಹೆಸರುಗಳಿದ್ದವು. ಅದು ವರ್ತಕರ ಲೆಕ್ಕಪತ್ರಗಳ ಲಿಪಿ. ಸಾಹಿತ್ಯವನ್ನು ಹೆಚ್ಚಾಗಿ ದೇವನಾಗರಿಯಲ್ಲಿ ಬರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮುದ್ರಣವು ಅಂಗಡಿಯ ಈ ಲಿಪಿಯನ್ನು ಪುಸ್ತಕದ ಲಿಪಿಯನ್ನಾಗಿ ಮಾಡಿತು. ಆದರೆ ಮುದ್ರಣದ ಕನಸು ಕಂಡವರಲ್ಲಿ ಮಿಷನರಿಗಳೇ ಮೊದಲಿಗರಲ್ಲ. ಸೂರತ್ತಿನಿಂದ ವರ್ತಕರನ್ನು ಕರೆದೊಯ್ದ ಆ ಭೀಮ್‌ಜಿ ಪಾರೇಖನೇ 1670ರಲ್ಲಿ, ಪ್ರಾಚೀನ ಧರ್ಮಗ್ರಂಥಗಳನ್ನು ಅಚ್ಚು ಹಾಕಿಸುವ ಉದ್ದೇಶದಿಂದ, ಒಬ್ಬ ಮುದ್ರಕನನ್ನು ಕಳುಹಿಸಬೇಕೆಂದು ಕಂಪನಿಯನ್ನು ಕೇಳಿಕೊಂಡಿದ್ದ. 1674ರಲ್ಲಿ ಹೆನ್ರಿ ಹಿಲ್ಸ್ ಎಂಬ ಮುದ್ರಕ ಬೊಂಬಾಯಿಗೆ ಬಂದ. ದೇಶೀ ಲಿಪಿಯ ಅಚ್ಚುಮೊಳೆಗಳನ್ನು ಕೊರೆಯುವ ಕೆಲಸ ಅವನಿಂದ ಆಗದೆ, ಪ್ರಯತ್ನ ಅಲ್ಲಿಗೇ ನಿಂತಿತು.

ವರ್ತಕ ಏಕೆ ಕದಲಲಿಲ್ಲ?

ಮಿಷನರಿಗಳು ಪೇಟೆಯಲ್ಲಿ ನಿಂತು ಬೋಧಿಸಿದರು, ಜಾತ್ರೆಗಳಲ್ಲಿ ಕರಪತ್ರ ಹಂಚಿದರು, ಚಳಿಗಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ಪ್ರವಾಸ ಮಾಡಿದರು. ವಾಣಿಯಾ ವರ್ತಕ ಕೇಳಿಸಿಕೊಂಡ, ವಾದಿಸಿದ, ಮಗನನ್ನು ಇಂಗ್ಲಿಷ್ ಕಲಿಯಲು ಶಾಲೆಗೂ ಕಳುಹಿಸಿದ. ಆದರೆ ದೀಕ್ಷಾಸ್ನಾನ ಪಡೆದವರು ಅತಿ ವಿರಳ. ಇದಕ್ಕೆ ಎರಡು ಬಗೆಯ ಕಾರಣಗಳಿದ್ದವು. ಒಂದು ಸಾಮಾಜಿಕ, ಇನ್ನೊಂದು ತಾತ್ವಿಕ.

ಸಾಮಾಜಿಕ ಕಾರಣವನ್ನು ಮೊದಲು ನೋಡೋಣ. ಆ ಕಾಲದ ವರ್ತಕನ ನಿಜವಾದ ಬಂಡವಾಳ ತಿಜೋರಿಯಲ್ಲಿರಲಿಲ್ಲ. ಅದು ಅವನ ‘ಅಬ್ರು’ವಿನಲ್ಲಿತ್ತು, ಅಂದರೆ ಮರ್ಯಾದೆ ಮತ್ತು ನಂಬಿಕೆಯಲ್ಲಿತ್ತು. ಸೂರತ್ತಿನ ವರ್ತಕ ಬರೆದುಕೊಟ್ಟ ಹುಂಡಿಗೆ, ಎಂದರೆ ಹಣದ ಚೀಟಿಗೆ, ದೂರದ ಊರಿನ ಇನ್ನೊಬ್ಬ ವರ್ತಕ ಹಣ ಎಣಿಸಿಕೊಡುತ್ತಿದ್ದುದು ಈ ನಂಬಿಕೆಯ ಮೇಲೆ. ನಂಬಿಕೆಗೆ ಜಾಮೀನು ಅವನ ಮನೆತನ, ಜಾತಿ ಮತ್ತು ‘ಮಹಾಜನ’ ಎಂಬ ವರ್ತಕರ ಸಂಘ. ಮಹಾಜನ ಬಹಿಷ್ಕಾರ ಹಾಕಿದರೆ ಮದುವೆ ಸಂಬಂಧ ಮಾತ್ರವಲ್ಲ, ಸಾಲ, ಸರಕು, ಗಿರಾಕಿ ಎಲ್ಲವೂ ಕೈತಪ್ಪುತ್ತಿದ್ದವು.

1850ರಲ್ಲಿ ಕಂಪನಿ ಸರ್ಕಾರ ಒಂದು ಕಾಯಿದೆ ಮಾಡಿ, ಮತಾಂತರಗೊಂಡವನು ಅಥವಾ ಜಾತಿಯಿಂದ ಹೊರಹಾಕಲ್ಪಟ್ಟವನು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದು ಸಾರಿತು. ಹೊಲ, ಮನೆಗಳ ಮಟ್ಟಿಗೆ ಇದು ದೊಡ್ಡ ರಕ್ಷಣೆಯೇ ಸರಿ. ಆದರೆ ನಂಬಿಕೆಯನ್ನು ಪಾಲು ಮಾಡಿಕೊಡಲು ಯಾವ ನ್ಯಾಯಾಲಯಕ್ಕೂ ಸಾಧ್ಯವಿರಲಿಲ್ಲ.

ಜಾತಿಯ ಹಿಡಿತ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಗಾಂಧೀಜಿಯವರ ಜೀವನವೇ ಸಾಕ್ಷಿ. ಅವರು ಮತಾಂತರಗೊಳ್ಳಲಿಲ್ಲ, ಕೇವಲ ಸಮುದ್ರ ದಾಟಿ ಓದಲು ಹೊರಟರು. ಅಷ್ಟಕ್ಕೇ 1888ರಲ್ಲಿ ಬೊಂಬಾಯಿಯಲ್ಲಿ ಮೋಢ ವಾಣಿಯಾ ಪಂಗಡದ ಸಭೆ ಸೇರಿ ಅವರನ್ನು ಜಾತಿಯಿಂದ ಹೊರಗಿಟ್ಟಿತು. ಅವರಿಗೆ ನೆರವಾದವರಿಗೆ ಅಥವಾ ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಪಂಗಡದ ಮುಖ್ಯಸ್ಥ ಘೋಷಿಸಿದ. ಹಡಗು ಹತ್ತಿದವನಿಗೇ ಹೀಗಾದರೆ, ಧರ್ಮ ಬಿಡುವೆನೆಂದವನ ಪಾಡನ್ನು ಊಹಿಸಿಕೊಳ್ಳಿ. ಸಮುದಾಯದ ಒಗ್ಗಟ್ಟು ಹೊರಗಿನ ಒತ್ತಡದಿಂದ ಕಾಪಾಡುವ ಕೋಟೆಯಾಗಿತ್ತು ನಿಜ. ಒಳಗಿನ ವ್ಯಕ್ತಿಗೆ ಅದೇ ಸೆರೆಮನೆಯೂ ಆಗಬಲ್ಲುದಾಗಿತ್ತು. 1669ರ ಸೂರತ್ ಮತ್ತು 1888ರ ಬೊಂಬಾಯಿ, ಈ ಎರಡು ಘಟನೆಗಳನ್ನೂ ಒಟ್ಟಿಗೆ ನೋಡಿದಾಗ ಮಾತ್ರ ನಮಗೆ ಪೂರ್ಣ ಚಿತ್ರ ಸಿಗುತ್ತದೆ.

ಪಾಪವೆಂಬ ಸಾಲ ಯಾರು ತೀರಿಸಬೇಕು?

ತಾತ್ವಿಕ ಕಾರಣ ಇನ್ನೂ ಆಳವಾದದ್ದು. ಕ್ರೈಸ್ತ ಬೋಧನೆಯ ತಿರುಳು ಇದು: ಮನುಷ್ಯ ಪಾಪಿ, ತನ್ನ ಪಾಪದ ಹೊರೆಯನ್ನು ತಾನೇ ಇಳಿಸಿಕೊಳ್ಳಲಾರ, ದೇವರ ಮಗನಾದ ಏಸು ಆ ಹೊರೆಯನ್ನು ತಾನು ಹೊತ್ತು, ನಂಬಿದವರಿಗೆ ಕ್ಷಮೆಯನ್ನು ಉಚಿತವಾಗಿ ಕೊಡುತ್ತಾನೆ. ಜೈನ ಸಿದ್ಧಾಂತ ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿದೆ. ಅಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರಿಲ್ಲ. ತೀರ್ಥಂಕರರು ದಾರಿ ತೋರಿದವರು, ವರ ಕೊಡುವವರಲ್ಲ. ಕರ್ಮವೆಂಬುದು ಆತ್ಮಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ದ್ರವ್ಯ. ಅದನ್ನು ಪ್ರತಿಯೊಂದು ಜೀವವೂ ತನ್ನ ಸಂಯಮದಿಂದ, ತಪಸ್ಸಿನಿಂದ ತಾನೇ ಸವೆಸಿಕೊಳ್ಳಬೇಕು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಕುತೂಹಲಕರವಾಗಿ ಕಂಡೀತು. ದ್ರವ್ಯ ಸುಮ್ಮನೆ ಇಲ್ಲವಾಗುವುದಿಲ್ಲ ಎಂಬ ರಸಾಯನಶಾಸ್ತ್ರದ ನಿಯಮವನ್ನು ನೀತಿಯ ಲೋಕಕ್ಕೂ ಅನ್ವಯಿಸಿದಂತಿದೆ ಈ ಕಲ್ಪನೆ. ವರ್ತಕರಿಗೂ ಇದು ಸಹಜವಾಗಿ ಒಗ್ಗಿತು. ದಿನವೂ ಕಿರ್ದಿ ಬರೆಯುವವನಿಗೆ, ತಾನು ಮಾಡಿದ ಸಾಲ ತನ್ನ ಖಾತೆಯಲ್ಲೇ ಇರುತ್ತದೆಂಬ ಮಾತು ಬೇಗ ಅರ್ಥವಾಗುತ್ತದೆ. ಒಬ್ಬನ ಪಾಪವನ್ನು ಇನ್ನೊಬ್ಬ ತೀರಿಸುವನೆಂಬುದು ಅವನಿಗೆ ಉದಾರವಾದ ಮಾತೆನಿಸಿದರೂ ನ್ಯಾಯವಾದ ಲೆಕ್ಕವೆನಿಸಲಿಲ್ಲ. ಕ್ರೈಸ್ತನ ದೃಷ್ಟಿಯಲ್ಲಾದರೋ, ಲೆಕ್ಕವನ್ನು ಮೀರಿದ್ದೇ ಕೃಪೆ. ಎರಡು ಕಡೆಯವರೂ ಪ್ರಾಮಾಣಿಕರೇ. ಅವರು ಹೊರಟ ಪ್ರಶ್ನೆಗಳೇ ಬೇರೆಯಾಗಿದ್ದವು.

ಗಾಂಧೀಜಿ ಮತ್ತು ತುಳಸಿಮಾಲೆ

ಈ ಮುಖಾಮುಖಿಯ ಅತ್ಯಂತ ಪ್ರಸಿದ್ಧ ಉದಾಹರಣೆ ನಡೆದದ್ದು ಗುಜರಾತಿನಲ್ಲಲ್ಲ, ದಕ್ಷಿಣ ಆಫ್ರಿಕದಲ್ಲಿ. 1893ರಲ್ಲಿ ಗಾಂಧೀಜಿ ಪ್ರಿಟೋರಿಯಾಕ್ಕೆ ಹೋದಾಗ, ಬೇಕರ್ ಎಂಬ ವಕೀಲರು ಮತ್ತು ಕೋಟ್ಸ್ ಎಂಬ ಸ್ನೇಹಿತರು ಅವರನ್ನು ಪ್ರಾರ್ಥನಾ ಸಭೆಗಳಿಗೆ ಕರೆದೊಯ್ದರು, ಪುಸ್ತಕಗಳನ್ನು ಕೊಟ್ಟರು. ಗಾಂಧೀಜಿಯ ಕೊರಳಲ್ಲಿ ತಾಯಿ ಹಾಕಿದ್ದ ತುಳಸಿಮಣಿಯ ಮಾಲೆಯನ್ನು ಕಂಡು, ಅದು ಮೂಢನಂಬಿಕೆ, ಹರಿದು ಹಾಕಲೇ ಎಂದು ಕೋಟ್ಸ್ ಕೇಳಿದರು. ಅದು ತಾಯಿಯ ಪವಿತ್ರ ಕಾಣಿಕೆ, ಪ್ರೀತಿಯಿಂದ ಕೊಟ್ಟದ್ದು, ಕಾರಣವಿಲ್ಲದೆ ತೆಗೆಯಲಾರೆ ಎಂದು ಗಾಂಧೀಜಿ ಉತ್ತರಿಸಿದರು. ಪ್ಲಿಮತ್ ಬ್ರದರನ್ ಪಂಥದವನೊಬ್ಬ, ಏಸುವನ್ನು ನಂಬಿದರೆ ಪಾಪದ ಫಲದಿಂದ ಮುಕ್ತಿ ಸಿಗುತ್ತದೆಂದು ವಾದಿಸಿದಾಗ, ತನಗೆ ಬೇಕಾದದ್ದು ಪಾಪದ ಫಲದಿಂದ ಬಿಡುಗಡೆಯಲ್ಲ, ಪಾಪದಿಂದಲೇ ಬಿಡುಗಡೆ ಎಂದರು. ಕರ್ಮದ ಖಾತೆಯನ್ನು ನಂಬಿದ ಮನೆಯಲ್ಲಿ ಬೆಳೆದವನ ಉತ್ತರ ಇದು.

ಆದರೂ ಅವರ ಮನಸ್ಸಿನಲ್ಲಿ ಸಂದೇಹಗಳೆದ್ದಿದ್ದವು. 1894ರಲ್ಲಿ ಅವರು ಬೊಂಬಾಯಿಯಲ್ಲಿ ವಜ್ರ, ಮುತ್ತಿನ ವ್ಯಾಪಾರ ಮಾಡುತ್ತಿದ್ದ ರಾಜಚಂದ್ರರಿಗೆ 27 ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ಆತ್ಮ, ದೇವರು, ಮೋಕ್ಷಗಳ ಜೊತೆಗೆ ಕ್ರೈಸ್ತ ಧರ್ಮ ಮತ್ತು ಬೈಬಲ್ ಕುರಿತ ಪ್ರಶ್ನೆಗಳೂ ಅದರಲ್ಲಿದ್ದವು. ರಾಜಚಂದ್ರರು ವಿವರವಾಗಿ ಉತ್ತರಿಸಿ, ತಾಳ್ಮೆಯಿಂದಿದ್ದು ಹಿಂದೂ ಧರ್ಮವನ್ನು ಆಳವಾಗಿ ಅಭ್ಯಾಸ ಮಾಡುವಂತೆ ಸೂಚಿಸಿದರು. ಒಬ್ಬ ವೈಷ್ಣವ ವಾಣಿಯಾನಿಗೆ ಒಬ್ಬ ಜೈನ ವಾಣಿಯಾ, ನಿನ್ನ ಧರ್ಮವನ್ನೇ ಚೆನ್ನಾಗಿ ಓದು ಎಂದು ಹೇಳಿದ್ದು ಇಲ್ಲಿನ ವಿಶೇಷ. ಗಾಂಧೀಜಿ ಕ್ರೈಸ್ತರಾಗಲಿಲ್ಲ. ಆದರೆ ಏಸುವಿನ ಗಿರಿಪ್ರವಚನವನ್ನು ಅವರು ಜೀವನದುದ್ದಕ್ಕೂ ಪ್ರೀತಿಸಿದರು. ಕ್ರೈಸ್ತ ಸ್ನೇಹಿತರು ತಮ್ಮಲ್ಲಿ ಧಾರ್ಮಿಕ ಜಿಜ್ಞಾಸೆಯನ್ನು ಎಚ್ಚರಿಸಿದರೆಂದು ಕೃತಜ್ಞತೆಯಿಂದ ಬರೆದರು.

ಇತಿಹಾಸ ಓದುವವರು ಗಮನಿಸಬೇಕಾದ ಇನ್ನೊಂದು ಪ್ರಸಂಗವಿದೆ. ರಾಜಕೋಟ್‌ನ ತಮ್ಮ ಹೈಸ್ಕೂಲಿನ ಬಳಿ ಮಿಷನರಿಗಳು ನಿಂತು ಹಿಂದೂ ದೇವತೆಗಳನ್ನು ನಿಂದಿಸುತ್ತಿದ್ದರೆಂದೂ, ಮತಾಂತರಗೊಂಡ ಒಬ್ಬ ಹೆಸರಾಂತ ಹಿಂದೂವಿಗೆ ಗೋಮಾಂಸ ತಿನ್ನಿಸಿ ಮದ್ಯ ಕುಡಿಸಿದರೆಂಬ ಸುದ್ದಿ ಊರಿನಲ್ಲಿ ಹಬ್ಬಿತ್ತೆಂದೂ ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿದ್ದಾರೆ. 1926ರಲ್ಲಿ ಎಚ್. ಆರ್. ಸ್ಕಾಟ್ ಎಂಬ ಐರಿಷ್ ಮಿಷನರಿ ಅವರಿಗೆ ಪತ್ರ ಬರೆದು, ಆ ವರ್ಷಗಳಲ್ಲಿ ರಾಜಕೋಟ್‌ನಲ್ಲಿದ್ದ ಮಿಷನರಿ ತಾನೊಬ್ಬನೇ, ತಾನು ಹಾಗೆ ಎಂದೂ ಬೋಧಿಸಿದ್ದಿಲ್ಲ ಎಂದು ನಿರಾಕರಿಸಿದ. ಗಾಂಧೀಜಿ ಆ ಪತ್ರವನ್ನು ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ತಮ್ಮ ನೆನಪು ಸ್ಪಷ್ಟವಾಗಿದೆ ಎನ್ನುತ್ತಲೇ ಆ ನಿರಾಕರಣೆಯನ್ನು ಸೌಜನ್ಯದಿಂದ ಸ್ವೀಕರಿಸಿದರು. ಒಂದು ಸಮುದಾಯದ ನೆನಪಿಗೂ ಇನ್ನೊಂದರ ದಾಖಲೆಗೂ ಹೊಂದಿಕೆಯಾಗದಿರುವುದು ಇತಿಹಾಸದಲ್ಲಿ ಅಪರೂಪವಲ್ಲ. ಅಂಥಲ್ಲಿ ಎರಡನ್ನೂ ಓದುಗರ ಮುಂದಿಡುವುದೇ ಸರಿಯಾದ ಕ್ರಮ.

ಉತ್ತರ ಕೊಟ್ಟವರು

ಮಿಷನರಿಗಳ ಮಾತು ವರ್ತಕ ಸಮುದಾಯವನ್ನು ಮತಾಂತರಿಸದಿದ್ದರೂ ನಿದ್ದೆಯಿಂದ ಎಬ್ಬಿಸಿತು. ತಮ್ಮ ಧರ್ಮವನ್ನು ಹೊರಗಿನವರಿಗೆ ವಿವರಿಸುವ ಅಗತ್ಯ ಮೊದಲ ಬಾರಿಗೆ ತೀವ್ರವಾಗಿ ಕಂಡಿತು. ಆತ್ಮಾರಾಮ್‌ಜಿ ಎಂದು ಪ್ರಸಿದ್ಧರಾದ ಆಚಾರ್ಯ ವಿಜಯಾನಂದ ಸೂರಿಗಳು ಕ್ರೈಸ್ತ ಮತದ ವಿಮರ್ಶೆಯನ್ನೂ ಬರೆದರು. 1893ರ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಅವರಿಗೆ ಆಹ್ವಾನ ಬಂತು. ಜೈನ ಮುನಿಗಳು ಹಡಗಿನಲ್ಲಿ ಪ್ರಯಾಣ ಮಾಡುವಂತಿಲ್ಲ. ಆದ್ದರಿಂದ ಅವರು ವೀರಚಂದ ರಾಘವ್‌ಜಿ ಗಾಂಧಿ ಎಂಬ ಪದವೀಧರ ಯುವಕನನ್ನು ಸಿದ್ಧಗೊಳಿಸಿ ಕಳುಹಿಸಿದರು.

ಸೌರಾಷ್ಟ್ರದ ಮಹುವಾದಲ್ಲಿ 1864ರಲ್ಲಿ ಹುಟ್ಟಿದ ವೀರಚಂದರಿಗೆ ಆಗ 29 ವರ್ಷ. ವಿವೇಕಾನಂದರ ಚಿಕಾಗೋ ಭಾಷಣ ನಮಗೆಲ್ಲ ಗೊತ್ತು, ಅದೇ ವೇದಿಕೆಯ ಮೇಲಿದ್ದ ವೀರಚಂದರನ್ನು ನಾವು ಮರೆತಿದ್ದೇವೆ. ಜಾರ್ಜ್ ಪೆಂಟಿಕೋಸ್ಟ್ ಎಂಬ ಪಾದ್ರಿ ಹಿಂದೂ ದೇವಾಲಯಗಳ ನೀತಿಯ ಬಗ್ಗೆ ಕಟುವಾಗಿ ಮಾತನಾಡಿದಾಗ, ಎದ್ದುನಿಂತು ಅದನ್ನು ಪ್ರತಿಭಟಿಸಿದವರು ವೀರಚಂದರು. ಆ ಟೀಕೆ ಜೈನರನ್ನು ಉದ್ದೇಶಿಸಿದ್ದಲ್ಲವೆಂದು ಅವರು ಸುಮ್ಮನಿರಬಹುದಿತ್ತು. ಆದರೆ ನೆರೆಮನೆಯವರ ಧರ್ಮದ ನಿಂದೆಯನ್ನು ಅವರು ತಮ್ಮದೆಂದೇ ಎಣಿಸಿದರು. ಈ ಪಯಣಕ್ಕಾಗಿ ಊರಿನಲ್ಲಿ ಸಂಪ್ರದಾಯಸ್ಥ ಜೈನರ ವಿರೋಧವನ್ನೂ ಅವರು ಎದುರಿಸಬೇಕಾಯಿತು. 1901ರಲ್ಲಿ, ಇನ್ನೂ 37 ತುಂಬುವ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಶಿಕ್ಷಣದಲ್ಲೂ ಇದೇ ಎಚ್ಚರ ಕಾಣುತ್ತದೆ. ಮಿಷನ್ ಶಾಲೆಯ ಶಿಸ್ತನ್ನೂ ವಿದ್ಯಾರ್ಥಿನಿಲಯದ ಮಾದರಿಯನ್ನೂ ಕಂಡ ವರ್ತಕರು ತಮ್ಮದೇ ಸಂಸ್ಥೆಗಳಿಗೆ ಹಣ ತೆರೆದರು. ಆತ್ಮಾರಾಮ್‌ಜಿಯವರ ಪರಂಪರೆಯ ವಿಜಯವಲ್ಲಭ ಸೂರಿಗಳ ಪ್ರೇರಣೆಯಿಂದ 1915ರಲ್ಲಿ ಬೊಂಬಾಯಿಯಲ್ಲಿ ಮಹಾವೀರ ಜೈನ ವಿದ್ಯಾಲಯ ಆರಂಭವಾಯಿತು.

ಒಂದು ಪುಸ್ತಕ, ಒಂದು ಶೀರ್ಷಿಕೆ

ಅದೇ 1915ರಲ್ಲಿ ಆಕ್ಸ್‌ಫರ್ಡಿನಿಂದ ‘ದಿ ಹಾರ್ಟ್ ಆಫ್ ಜೈನಿಸಂ’ ಎಂಬ ಪುಸ್ತಕ ಹೊರಬಂತು. ಬರೆದವರು ಐರಿಷ್ ಮಿಷನ್ನಿನೊಡನೆ ಸೌರಾಷ್ಟ್ರದಲ್ಲಿದ್ದ ಶ್ರೀಮತಿ ಸಿಂಕ್ಲೇರ್ ಸ್ಟೀವನ್‌ಸನ್. ಇದಕ್ಕೆ ಮೊದಲೂ ಮಿಷನರಿ ವಿದ್ವಾಂಸರು ಜೈನ ಗ್ರಂಥಗಳತ್ತ ತಿರುಗಿದ್ದುಂಟು. ಬೊಂಬಾಯಿಯ ಜಾನ್ ಸ್ಟೀವನ್‌ಸನ್ ಎಂಬ ಸ್ಕಾಟಿಷ್ ಪಾದ್ರಿ 1848ರಲ್ಲೇ ‘ಕಲ್ಪಸೂತ್ರ’ವನ್ನು ಇಂಗ್ಲಿಷಿಗೆ ತಂದಿದ್ದ. ಆದರೆ ಶ್ರೀಮತಿ ಸ್ಟೀವನ್‌ಸನ್ ಗ್ರಂಥದ ಜೊತೆಗೆ ಮನೆಯನ್ನೂ ಕಂಡವರು. ಉಪವಾಸ, ಹಬ್ಬ, ಪ್ರತಿಕ್ರಮಣ, ಹೆಂಗಸರ ಆಚರಣೆ ಎಲ್ಲವನ್ನೂ ಜೈನರಿಂದಲೇ ಕೇಳಿ ತಿಳಿದು ಶ್ರದ್ಧೆಯಿಂದ ಬರೆದರು. ಹಲವು ದಶಕಗಳವರೆಗೆ ಇಂಗ್ಲಿಷ್ ಬಲ್ಲವರಿಗೆ ಅದು ಜೈನಧರ್ಮದ ಬಾಗಿಲಾಗಿತ್ತು.

ಆದರೆ ಕೊನೆಯ ಅಧ್ಯಾಯದಲ್ಲಿ ಅವರು ತೀರ್ಪು ಕೊಟ್ಟರು: ಜೈನಧರ್ಮದ ಹೃದಯ ಬರಿದು. ಏಕೆಂದರೆ ಕ್ಷಮಿಸುವ ದೇವರು ಅಲ್ಲಿಲ್ಲ. ಕ್ರೈಸ್ತ ನಂಬಿಕೆಯ ಒಳಗೆ ನಿಂತವರಿಗೆ ಇದು ಸಹಜವಾದ ಮಾತು. ಆದರೆ ಜೈನರು ಪ್ರತಿವರ್ಷ ಸಂವತ್ಸರಿಯ ದಿನ ‘ಮಿಚ್ಛಾಮಿ ದುಕ್ಕಡಂ’ ಎಂದು ಮನೆಯವರಲ್ಲಿ, ನೆರೆಯವರಲ್ಲಿ, ವ್ಯಾಪಾರದ ಪಾಲುದಾರರಲ್ಲಿ, ಎಲ್ಲ ಜೀವಿಗಳಲ್ಲಿ ಕ್ಷಮೆ ಬೇಡುತ್ತಾರೆ. ಅಲ್ಲಿ ಕ್ಷಮೆ ಮೇಲಿನಿಂದ ಇಳಿಯುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಸಲ್ಲುತ್ತದೆ. ಲೇಖಕಿ ಈ ಆಚರಣೆಯನ್ನು ಕಂಡಿದ್ದರು, ವರ್ಣಿಸಿದ್ದರು. ಆದರೆ ತಾವು ಹುಡುಕುತ್ತಿದ್ದ ಜಾಗದಲ್ಲಿ ಅದು ಇರಲಿಲ್ಲವಾದ್ದರಿಂದ ಅದನ್ನು ಉತ್ತರವೆಂದು ಎಣಿಸಲಿಲ್ಲ. ನಮ್ಮ ಉಪಕರಣ ಅಳೆಯಲಾರದ್ದನ್ನು ಇಲ್ಲವೆಂದು ಬರೆದುಕೊಳ್ಳುವ ತಪ್ಪು ಪ್ರಯೋಗಶಾಲೆಯಲ್ಲೂ ನಡೆಯುತ್ತದೆ.

ತೆರೆಯದಿದ್ದ ಬಾಗಿಲು

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧವಾದೀತು. ಮಿಷನರಿಗಳ ಮಾತನ್ನು ವರ್ತಕರು ಒಪ್ಪಲಿಲ್ಲ, ಆದರೆ ಗುಜರಾತಿನಲ್ಲಿ ಅದನ್ನು ಒಪ್ಪಿದವರು ಇದ್ದರು. ಮುಖ್ಯವಾಗಿ ಖೇಡಾ ಜಿಲ್ಲೆಯ ಬೋರಸದ್, ಆಣಂದ್ ಕಡೆಯ ವಣಕರರು, ಅಂದರೆ ಅಸ್ಪೃಶ್ಯರೆಂದು ಊರ ಹೊರಗಿಡಲಾಗಿದ್ದ ನೇಕಾರರು. 1899-1900ರ ಭೀಕರ ಬರಗಾಲದಲ್ಲಿ ಮಿಷನ್ನುಗಳು ಅನಾಥ ಮಕ್ಕಳನ್ನು ಸಾಕಿದವು. 2011ರ ಜನಗಣತಿಯ ಪ್ರಕಾರ ಗುಜರಾತಿನಲ್ಲಿ ಕ್ರೈಸ್ತರು ಶೇಕಡಾ 0.52ರಷ್ಟು. ಸಂಖ್ಯೆ ಚಿಕ್ಕದು. ಆದರೆ ಆ ಮನೆಗಳ ಮಕ್ಕಳಿಗೆ ಅಕ್ಷರ, ವೈದ್ಯ, ಸಭೆಯಲ್ಲಿ ಸಮಾನವಾಗಿ ಕೂರುವ ಜಾಗ ದೊರೆತದ್ದು ಚಿಕ್ಕ ಸಂಗತಿಯಲ್ಲ.

ವರ್ತಕರ ದಾನಧರ್ಮ ದೊಡ್ಡದಾಗಿತ್ತು. ಮುದಿ ದನಗಳಿಗೆ, ಗಾಯಗೊಂಡ ಹಕ್ಕಿಗಳಿಗೆ ಪಿಂಜರಾಪೋಲ್‌ಗಳನ್ನು ಕಟ್ಟಿದ ದಯೆ ಅವರದು. ಅದೇ ದಯೆ ನೇಕಾರನ ಕೇರಿಯ ಗಡಿಯಲ್ಲಿ ಹಿಂಜರಿಯುತ್ತಿತ್ತು. ಮಿಷನರಿಗಳ ತತ್ವವನ್ನು ಗೆಲ್ಲಬಲ್ಲ ವಾದ ವರ್ತಕರಲ್ಲಿತ್ತು, ಆದರೆ ಈ ಪ್ರಶ್ನೆಗೆ ಅವರಲ್ಲಿ ಸಿದ್ಧ ಉತ್ತರವಿರಲಿಲ್ಲ.

ಉತ್ತರದ ಆರಂಭವೂ 1915ರಲ್ಲೇ ಆಯಿತೆನ್ನಬಹುದು. ಆ ವರ್ಷ ಗಾಂಧೀಜಿ ಅಹಮದಾಬಾದಿನ ಕೋಚರಬ್ ಆಶ್ರಮಕ್ಕೆ ದೂದಾಭಾಯಿ ಎಂಬ ಅಸ್ಪೃಶ್ಯ ಶಿಕ್ಷಕನ ಕುಟುಂಬವನ್ನು ಸೇರಿಸಿಕೊಂಡರು. ಆಶ್ರಮಕ್ಕೆ ಹಣ ಕೊಡುತ್ತಿದ್ದವರು ಕೈ ಹಿಂತೆಗೆದರು. ಖರ್ಚಿಗೆ ಕಾಸಿಲ್ಲದ ಸ್ಥಿತಿ ಬಂದಾಗ, ಒಬ್ಬ ಸೇಠ್ ಕಾರಿನಲ್ಲಿ ಬಂದು 13,000 ರೂಪಾಯಿಯ ನೋಟುಗಳನ್ನು ಗಾಂಧೀಜಿಯ ಕೈಗಿತ್ತು, ಒಳಗೆ ಬಾರದೆ ಹೊರಟುಹೋದರು. ಗಾಂಧೀಜಿ ಅವರ ಹೆಸರನ್ನು ಬರೆಯಲಿಲ್ಲ. ಅವರು ಜೈನ ಉದ್ಯಮಿ ಅಂಬಾಲಾಲ್ ಸಾರಾಭಾಯಿ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ಜನಕ ವಿಕ್ರಂ ಸಾರಾಭಾಯಿ ಇವರ ಮಗ. ಕೈ ಹಿಂತೆಗೆದವರೂ ವರ್ತಕರೇ, ಕೈ ಚಾಚಿದವರೂ ವರ್ತಕರೇ ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿ ಮಿತ್ರರೇ, ಧರ್ಮಪ್ರಚಾರದ ಇತಿಹಾಸವನ್ನು ಓದುವಾಗ ಎಷ್ಟು ಜನ ಮತಾಂತರಗೊಂಡರು ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೆ, ಗುಜರಾತಿನ ವರ್ತಕರ ಅಧ್ಯಾಯ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಯಾರು ಯಾರಿಂದ ಏನು ಕಲಿತರು, ಯಾರು ಯಾವ ಬೆಲೆ ತೆತ್ತರು, ಯಾರ ಮಾತನ್ನು ಯಾರು ಕೊನೆಯವರೆಗೆ ಕೇಳಿಸಿಕೊಂಡರು ಎಂದು ಕೇಳಿ ನೋಡಿ. ಆಗ ಬಳ್ಳಾರಿಯಲ್ಲಿ ಹುಟ್ಟಿದ ವ್ಯಾಕರಣಕಾರ, ಮಹುವಾದ ಯುವ ಪದವೀಧರ, ಬೋರಸದ್‌ನ ನೇಕಾರ ಎಲ್ಲರೂ ಒಂದೇ ಪುಟದಲ್ಲಿ ಕಾಣಿಸಿಕೊಳ್ಳುತ್ತಾರೆ. ನಿಮ್ಮ ಊರಿನ ಹಳೆಯ ಪೇಟೆ, ಬಸದಿ, ಚರ್ಚು, ಮಿಷನ್ ಶಾಲೆಗಳ ನಡುವೆಯೂ ಇಂಥ ಕಥೆಯೊಂದು ಇದ್ದೀತು. ಹಿರಿಯರನ್ನು ಕೇಳಿ, ದಾಖಲೆಗಳನ್ನು ನೋಡಿ, ಎರಡೂ ಕಡೆಯವರ ಮಾತನ್ನು ಬರೆದುಕೊಳ್ಳಿ.